ಪ್ರಾಕ್ಟೀಸಿಗೆ ದುಡ್ಡು, ಮ್ಯಾಚಿಗೆ ಸೊನ್ನೆ

ಬಳ್ಳಾರಿಯಲ್ಲಿ ಫುಟ್‌ಬಾಲ್ ಆಡೋರಿಗೆ ನನ್ನ ಎಡಗಾಲಿನ ಪರಿಚಯ ಬೇಕಿಲ್ಲ. ಹದಿನೈದು ಹದಿನಾರು ವರ್ಷ ನಮ್ಮ ಕ್ಲಬ್ ಅದನ್ನೇ ನೆಚ್ಚಿಕೊಂಡಿತ್ತು. ಮಂಡಿ ನೋವು ಜಾಸ್ತಿಯಾಗಿ ಕ್ಲಬ್ ನಾನೇ ನಡೆಸ್ತೀನಿ ಅಂದಾಗ ಕೌಲ್ ಬಜಾರಿನ ಹಿರಿಯರೊಬ್ಬರು, "ಗೋಲ್ ಹೊಡಿಯೋದು ಬೇರೆ, ಲೆಕ್ಕ ಬರಿಯೋದು ಬೇರೆ ತಮ್ಮಾ" ಅಂದಿದ್ರು.

ಮೊದಲ ಸೀಸನ್ ಆಡ್ತಾನೇ ಟೀಮ್ ನಡೆಸಿದೆ. ಗುಂಪು ಹಂತದಲ್ಲೇ ಔಟ್. ಕೆನ್ನಿ ಡಾಲ್‌ಗ್ಲಿಶ್ 1985ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಆಟಗಾರನಾಗಿದ್ದುಕೊಂಡೇ ಮ್ಯಾನೇಜರ್ ಆಗಿ, ಮರುವರ್ಷ ಲೀಗ್, ಎಫ್‌ಎ ಕಪ್ ಎರಡೂ ಗೆದ್ದ ಅಂತ ಎಲ್ಲರೂ ಹೇಳ್ತಾರೆ. ಆ ಲೀಗಿನ ಅರ್ಧದಷ್ಟು ಪಂದ್ಯದಲ್ಲಿ ಅವನು ಮೈದಾನಕ್ಕೇ ಇಳಿದಿರಲಿಲ್ಲ, ಅದನ್ನ ಯಾರೂ ಹೇಳಲ್ಲ. ಮುಂದೆ ನಿಂತವನಿಗೆ ಹಿಂದಿನ ನಾಲ್ವರು ಡಿಫೆಂಡರ್‌ಗಳ ಲೈನ್ ಎಲ್ಲಿ ಕಾಣ್ಬೇಕು? ಪಾಸ್ ಕೊಡದ ಹುಡುಗನಿಗೆ ಬೈದ್ರೆ, ಬೈತಿರೋದು ಫಾರ್ವರ್ಡೋ ಮ್ಯಾನೇಜರೋ ಅಂತ ಅವನಿಗೂ ತಿಳಿಯಲ್ಲ. ಆಮೇಲಿಂದ ನಾನು ಬೆಂಚ್. ಸ್ಕೋರ್ ಸಮ ಇದ್ರೆ ಮಾತ್ರ ಕಡೇ ಇಪ್ಪತ್ತು ನಿಮಿಷ.

ನಿಜವಾದ ತಲೆನೋವು ದುಡ್ಡಿಂದು. ಎಂಟ್ರಿ ಫೀಸ್, ಟೆಂಪೋ ಟ್ರಾವೆಲರ್, ಊಟ ಎಲ್ಲ ಸೇರಿ ಒಂದು ಟೂರ್ನಮೆಂಟಿಗೆ ಹದಿನೆಂಟು ಇಪ್ಪತ್ತು ಸಾವಿರ. ಹೊರಗಿನ ಗೆಸ್ಟ್ ಆಟಗಾರರಿಗೆ ತಲಾ ಮೂರು ಸಾವಿರ ಬೇರೆ. ಜೆರ್ಸಿ ಕೊಡಿಸ್ತೀನಿ ಅಂದ ಸಾಹುಕಾರರೊಬ್ಬರು ಫೋಟೋ ಹೊಡೆಸಿಕೊಂಡು ಹೋದವರು ಫೋನೇ ಎತ್ತಲಿಲ್ಲ. ಈಗ ಸ್ಪಾನ್ಸರ್ ದುಡ್ಡು ಮೊದಲೇ ಕೈಗೆ ಬರುತ್ತೆ. ಹೇಗೆ ಅಂತ ಮಾತ್ರ ಕೇಳಬೇಡಿ.

ನಾನು ಮಾಡಿದ್ದಿಷ್ಟು: ಗೆಸ್ಟ್ ಬಂದ್. ಆ ದುಡ್ಡು ನಮ್ಮ ಹುಡುಗರ ಪ್ರಾಕ್ಟೀಸಿಗೆ. ಅರ್ಧ ಟೀಮ್ ಜೀನ್ಸ್ ಹೊಲಿಯೋರು, ಪೀಸ್ ಲೆಕ್ಕದ ಕೂಲಿ. ಸಂಜೆ ಎರಡು ಗಂಟೆ ಮಿಷಿನ್ ಬಿಟ್ಟು ಬಂದ್ರೆ ನೂರೈವತ್ತು ಇನ್ನೂರು ಖೋತಾ. ಅಷ್ಟನ್ನ ಅವತ್ತೇ ಕೈಗಿಟ್ಟೆ. ಮ್ಯಾಚಿಗೆ ಬಿಡಿಗಾಸಿಲ್ಲ, ಗೋಲ್ ಹೊಡೆದವನಿಗೂ ಇಲ್ಲ. "ಪ್ರಾಕ್ಟೀಸಿಗೆ ಯಾರಾದ್ರೂ ದುಡ್ಡು ಕೊಡ್ತಾರೇನ್ರೀ?" ಅಂತ ಊರೆಲ್ಲ ನಕ್ಕಿತು. ಮೊದಲ ತಿಂಗಳು ಹೆಸರು ಹೇಳಿ ದುಡ್ಡು ಇಸ್ಕೊಂಡು ಗೋಡೆ ಪಕ್ಕ ಮೊಬೈಲ್ ನೋಡ್ತಾ ಕೂತವರೂ ಇದ್ರು. ಕಡೇ ಸುತ್ತಿನ ಓಟ ಮುಗಿದ ಮೇಲೇ ಹಾಜರಿ ಅಂದೆ, ಸರಿಹೋಯ್ತು. ಖರ್ಚಿನ ಲೆಕ್ಕ ಪೂರ್ತಿ ವಾಟ್ಸಾಪ್ ಗುಂಪಲ್ಲಿ, ಐಸ್ ಗಡ್ಡೆಯ ಇಪ್ಪತ್ತು ರೂಪಾಯಿ ಸಮೇತ. ಲೆಕ್ಕ ಕೆಟ್ರೆ ದೊಡ್ಡ ಕ್ಲಬ್ಬೂ ಉಳಿಯಲ್ಲ: ಇಂಗ್ಲೆಂಡಿನ ಸ್ಟಾರ್ ವೇಯ್ನ್ ರೂನಿಯಂಥವನೇ ಮ್ಯಾನೇಜರ್ ಆಗಿದ್ರೂ ಅಲ್ಲಿನ ಡರ್ಬಿ ಕೌಂಟಿ ಕ್ಲಬ್ಬಿಗೆ ಹಣದ ವ್ಯವಹಾರ ಕೆಟ್ಟು 21 ಪಾಯಿಂಟ್ ಕಟ್ ಆಗಿ, 2022ರಲ್ಲಿ ಕೆಳಗಿನ ಡಿವಿಜನ್ನಿಗೆ ಇಳೀತು.

ನಡುವೆ ರಾತ್ರಿ ಬಾಕ್ಸ್ ಟರ್ಫೂ (ಸುತ್ತ ನೆಟ್ ಕಟ್ಟಿದ ಬಾಡಿಗೆ ಮೈದಾನ) ನೋಡಿದ್ವಿ, ಗಂಟೆಗೆ ಎಂಟುನೂರೋ ಒಂಬೈನೂರೋ. ಚೆಂಡು ನೆಟ್ಟಿಗೆ ಬಡಿದು ವಾಪಸ್ ಬಂದು ಬಂದು ಅಂಚಲ್ಲಿ ಓಡೋ ನಮ್ಮ ವಿಂಗರ್ ಟಚ್‌ಲೈನ್, ಅಂದ್ರೆ ಮೈದಾನದ ಪಕ್ಕದ ಗೆರೆ, ಅನ್ನೋದನ್ನೇ ಮರೆತ. ಮತ್ತೆ ಕೆಂಪು ಮಣ್ಣಿಗೇ ಬಂದ್ವಿ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಐದೂವರೆಗೆ ಶುರು, ಏಳೂವರೆ ಮೇಲೆ ಆ ಬಿಸಿಲಲ್ಲಿ ನಿಲ್ಲೋಕಾಗಲ್ಲ.

ಅದೇ ಹನ್ನೊಂದು ಜನ ಒಟ್ಟಿಗೆ ಆಡಿದ್ದಕ್ಕೆ ಹಿಂದಿನ ಲೈನ್ ಮಾತಿಲ್ಲದೆ ಒಟ್ಟಿಗೇ ಮುಂದಕ್ಕೇರೋದು ಕಲೀತು. ಹೋದ ಸೀಸನ್ ಫೈನಲ್ ಗೆದ್ವಿ, ಕಪ್ಪಿನ ಜೊತೆ ನಲವತ್ತು ಸಾವಿರದಷ್ಟು. ಗೋಲ್ ಬಂದದ್ದು ಕಾರ್ನರಿಂದ. ಆ ಕಾರ್ನರ್ ಗುಟ್ಟು ಇಲ್ಲಿ ಬರೆಯಲ್ಲ, ಎದುರಾಳಿಗಳೂ ಓದ್ತಾರೆ. ನಾನು ಇಳಿಯೋ ಪ್ರಸಂಗವೇ ಬರಲಿಲ್ಲ. ಕೈಯಲ್ಲಿ ಒಂಬತ್ತು ಸಾವಿರ ಚಿಲ್ಲರೆ ಉಳಿದಿದೆ, ಕೀಪರ್‌ಗೆ ಗ್ಲೌಸ್ ಕೊಡಿಸಬೇಕು.