ಮೊದಲು ಕಿರ್ದಿ, ಆಮೇಲೆ ಖಾತೆ: ಕಳೆದ ವರ್ಷವನ್ನು ಬರೆದು ನೋಡುವ ಬಗೆ

ನಮ್ಮಜ್ಜನದು ಕಿರಾಣಿ ಅಂಗಡಿ. ಗಲ್ಲಾಪೆಟ್ಟಿಗೆಯ ಪಕ್ಕ ಎರಡು ಪುಸ್ತಕ ಇರುತ್ತಿದ್ದವು. ಅಂದಂದಿನ ವ್ಯವಹಾರವನ್ನು ನಡೆದ ಹಾಗೇ ಬರೆದುಕೊಳ್ಳುವುದು ಕಿರ್ದಿ. ಅದನ್ನೇ ಆಮೇಲೆ ಹೆಸರುವಾರು ವಿಂಗಡಿಸಿ ಏರಿಸುವುದು ಖಾತೆ. ಕಿರ್ದಿ ಬರೆಯುವಾಗ ಯಾರ ಬಾಕಿ ಎಷ್ಟಾಯಿತು ಎಂದು ಕೇಳಿದರೆ ಅಜ್ಜ ಸಿಡುಕುತ್ತಿದ್ದ. ‘ಮೊದಲು ಬರ್ಕೊಳ್ಳೋಣ, ಆಮೇಲೆ ನೋಡೋಣ.’

ವರ್ಷದ ಲೆಕ್ಕ ಹಾಕಲು ಡೈರಿ ತೆರೆದು ಕೂರುವವರು ಎಡವುವುದು ಇಲ್ಲೇ. ಮೊದಲ ಸಾಲಿನಲ್ಲೇ ತೀರ್ಪು: ‘ಈ ವರ್ಷ ಏನೂ ಸಾಧಿಸಲಿಲ್ಲ.’ ಎರಡನೇ ಸಾಲು ಹುಟ್ಟುವುದೇ ಇಲ್ಲ.

ಜನವರಿ ತಪ್ಪಿತೆಂದು ಬೇಸರ ಬೇಡ, ಯುಗಾದಿಯೂ ಒಳ್ಳೆಯ ಗಡುವು. 2025ರ ಮಾರ್ಚ್ 30ರಂದು ಶುರುವಾದ ವಿಶ್ವಾವಸು ಸಂವತ್ಸರ 2026ರ ಮಾರ್ಚ್ 19ರ ಯುಗಾದಿಗೆ ಮುಗಿಯುತ್ತದೆ. ಒಟ್ಟು 354 ದಿನ. (ಮುಂದಿನದರ ಹೆಸರು ಪರಾಭವ. ಗಾಬರಿ ಬೀಳಬೇಡಿ, 60 ವರ್ಷಕ್ಕೊಮ್ಮೆ ಸುತ್ತಿ ಬರುವ ಹೆಸರದು, 1966ರಲ್ಲೂ ಬಂದಿತ್ತು.)

ಹಂತ 1: ಹನ್ನೆರಡು ಪುಟ, ಬರೀ ನೆನಪು

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ದುಬಾರಿ ಡೈರಿ ಕೊಂಡರೆ ಅಕ್ಷರ ಕೆಟ್ಟೀತೆಂಬ ಹೆದರಿಕೆಗೇ ಕೈ ಓಡುವುದಿಲ್ಲ. ಏಪ್ರಿಲಿನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಪುಟ ಬಿಡಿ. ಮೊಬೈಲ್ ಮುಟ್ಟದೆ ನೆನಪಿಗೆ ಬಂದಷ್ಟನ್ನು ಅರ್ಧ ಗಂಟೆ ಬರೆಯಿರಿ. ಈಚಿನ ತಿಂಗಳುಗಳು ತುಂಬುತ್ತವೆ, ಜುಲೈ, ಆಗಸ್ಟ್ ಬಣಗುಡುತ್ತವೆ. ಆ ಖಾಲಿ ಪುಟಗಳಿಗಾಗಿಯೇ ಮುಂದಿನ ಹಂತ.

ಹಂತ 2: ಸಾಕ್ಷಿ ಹುಡುಕಿ

ಗೋಡೆಯ ಹಳೇ ಕ್ಯಾಲೆಂಡರ್ ರದ್ದಿಗೆ ಹೋಗಿಲ್ಲ ತಾನೆ? ಹಾಲು ಬೇಡವೆಂದ ದಿನಗಳಿಗೆ ಹಾಕಿದ ಗುರುತು ನೋಡಿ: ಮನೆಯವರೆಲ್ಲ ಊರಿಗೆ ಹೋಗಿದ್ದ ದಿನಗಳವು. ಆಮೇಲೆ ಮೊಬೈಲಿನ ಫೋಟೊ, ಬ್ಯಾಂಕ್ ಪಾಸ್‌ಬುಕ್, ಯುಪಿಐ ಪಾವತಿಗಳ ಪಟ್ಟಿ. ‘ಮೆಡಿಕಲ್ಸ್ 1,240’ ಎಂಬ ಒಂದು ಸಾಲು ಒಂದು ವಾರದ ಜ್ವರವನ್ನೇ ಎಬ್ಬಿಸಿ ಕೂರಿಸುತ್ತದೆ.

ಊರಿಗೆಲ್ಲ ಗೊತ್ತಿರುವ ಸುದ್ದಿಗಳು ನೆನಪಿಗೆ ಒಳ್ಳೆಯ ಗೂಟ. ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇ ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಏನು ನಡೆದಿತ್ತು? ಜೂನ್ 3ರ ರಾತ್ರಿ ಆರ್‌ಸಿಬಿ ಕಪ್ ಎತ್ತಿದಾಗ ಪಕ್ಕದಲ್ಲಿ ಯಾರಿದ್ದರು? ಮರುದಿನದ ಕಾಲ್ತುಳಿತದ ಸುದ್ದಿ ಯಾರ ಬಾಯಿಂದ ಕೇಳಿದಿರಿ? ಜಾತಿ ಸಮೀಕ್ಷೆಗೆಂದು ಮೇಷ್ಟ್ರು ಮನೆಗೆ ಬಂದಾಗ ಬಾಗಿಲು ತೆಗೆದವರು ಯಾರು? ಗೂಟಕ್ಕೆ ಕಟ್ಟಿದ ಹಗ್ಗ ಎಳೆದರೆ ದನ ತಾನಾಗಿ ಬರುತ್ತದೆ.

ಇಲ್ಲಿ ಇನ್ನೂ ಕಿರ್ದಿಯೇ. ‘ಕಷ್ಟದ ತಿಂಗಳು’ ಅಂತ ಬರೆಯಬೇಡಿ. ಹೀಗೆ ಬರೆಯಿರಿ: ‘ಆಗಸ್ಟ್. ಅಮ್ಮನ ಕಣ್ಣಿನ ಪೊರೆ ಆಪರೇಷನ್. ಎರಡು ದಿನ ರಜೆ ಹಾಕಿದೆ. ತಮ್ಮ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಬಂದ. ಆಸ್ಪತ್ರೆ ಬೆಂಚಿನ ಮೇಲೆ ಕೂತು ಇಬ್ಬರೂ ಒಂದೇ ಇಡ್ಲಿ ಪೊಟ್ಟಣ ತಿಂದೆವು.’

ಹಂತ 3: ಖಾತೆಗೆ ಏರಿಸಿ

ಒಂದೆರಡು ದಿನ ಬಿಟ್ಟು ಪುಸ್ತಕ ತೆರೆಯಿರಿ. ದೇಹ, ಮನೆ, ಕೆಲಸ, ಹಣ, ಸ್ನೇಹ ಎಂದು ಐದು ಖಾತೆ ಸಾಕು. ಹತ್ತು ಮಾಡಿದರೆ ಯಾವುದನ್ನೂ ಮುಗಿಸುವುದಿಲ್ಲ. ಕಿರ್ದಿಯ ಪ್ರತಿ ಸಾಲನ್ನೂ ಇವುಗಳಿಗೆ ಹಂಚಿ. ಪುಟದ ಒಂದು ಬದಿ ಜಮಾ, ಇನ್ನೊಂದು ಬದಿ ಖರ್ಚು.

ಇದರ ಸ್ವಾರಸ್ಯ ಇರುವುದು ಒಂದೇ ಘಟನೆ ಎರಡು ಕಡೆ ಬೀಳುವುದರಲ್ಲಿ. ಅಮ್ಮನ ಆಪರೇಷನ್ ಹಣದ ಖಾತೆಯಲ್ಲಿ ಖರ್ಚು. ಮನೆಯ ಖಾತೆಯಲ್ಲಿ ಜಮಾ: ಆಸ್ತಿ ಮಾತಿನ ಮೇಲೆ ಎರಡು ವರ್ಷ ಮಾತು ಬಿಟ್ಟಿದ್ದ ತಮ್ಮ ಪಕ್ಕದಲ್ಲಿ ಕೂತು ಇಡ್ಲಿ ತಿಂದನಲ್ಲ. ಬಡ್ತಿ ಕೆಲಸದ ಖಾತೆಗೆ ಜಮಾ, ದೇಹದ ಖಾತೆಯಲ್ಲಿ ಬೆನ್ನುನೋವು.

ಖಾಲಿ ಉಳಿದ ಜಾಗವನ್ನೂ ಓದಿ. ನನ್ನ ಸ್ನೇಹದ ಖಾತೆಯಲ್ಲಿ ಐದು ತಿಂಗಳು ಒಂದು ಸಾಲೂ ಇರಲಿಲ್ಲ. ಕೆಲಸ ಜಾಸ್ತಿ ಇತ್ತು ಎಂದುಕೊಂಡಿದ್ದೆ. ಕಿರ್ದಿ ಬೇರೆಯೇ ಹೇಳಿತು: ಆ ತಿಂಗಳ ರಾತ್ರಿಗಳ ಸಾಕ್ಷಿಯಾಗಿ ಮೊಬೈಲಿನಲ್ಲಿ ಇದ್ದದ್ದು ಮೀಮ್‌ಗಳ ಸ್ಕ್ರೀನ್‌ಶಾಟ್ ಮಾತ್ರ.

ಹಂತ 4: ನೋಯುವ ಪುಟ

ಒಂದಾದರೂ ಇರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಬಗ್ಗೆ ಬರೆದರು. ಘಟನೆಯ ಜೊತೆ ತಮಗೆ ಅನಿಸಿದ್ದನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಆದ್ದರಿಂದ ಮಲಗುವ ಮುಂಚೆ ಈ ಪುಟ ಬೇಡ. ಬೆಳಗ್ಗೆ, ಗಡಿಯಾರ ಇಟ್ಟುಕೊಂಡು ಬರೆಯಿರಿ. ತಡೆಯಲಾಗದಿದ್ದರೆ ಪೆನ್ನು ಕೆಳಗಿಡಿ, ಯಾರೊಡನಾದರೂ ಮಾತಾಡಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹಂತ 5: ಬಾಕಿ

ಕೊನೆಯ ಪುಟದಲ್ಲಿ ಸಂಕಲ್ಪಗಳ ಪಟ್ಟಿ ಬೇಡ. ಮುಂದಿನ ವರ್ಷಕ್ಕೆ ಎಳೆದುಕೊಂಡು ಹೋಗುವ ಬಾಕಿ ಮಾತ್ರ, ಹೆಚ್ಚೆಂದರೆ ಐದು ಸಾಲು, ಯಾರಿಗೆ ಏನು ಎಂದು ಸ್ಪಷ್ಟವಾಗಿ. ನನ್ನದು ಹೀಗಿದೆ:

ತಮ್ಮನಿಗೆ: ಬಸ್ ಚಾರ್ಜು ಕೊಡಲು ಹೋದರೆ ಬಯ್ಯುತ್ತಾನೆ, ಹುಬ್ಬಳ್ಳಿಗೆ ಒಮ್ಮೆ ಹೋಗಿ ಬರುವುದು. ಬೆನ್ನಿಗೆ: ಡಾಕ್ಟರು ಬರೆದುಕೊಟ್ಟ ಎಕ್ಸ್‌ರೇ. ಅಕ್ಕನಿಗೆ: ಗೌರಿ ಹಬ್ಬದಲ್ಲಿ ಕಡುಬು ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿ, ಮುಚ್ಚಳ ಸಮೇತ.