ಸಿಟ್ಟು ಯಾರ ಮೇಲೆ: ಕಲಬುರಗಿಯಲ್ಲಿ ವಲಸೆಯ ಬಗೆಗಿನ ಭಾವನೆಗಳನ್ನು ಅಳೆದ ನನ್ನ ಅನುಭವ

ವಲಸೆಯ ಬಗ್ಗೆ ಜನಾಭಿಪ್ರಾಯ ತಿಳಿಯಲು ಹೊರಟವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ಹೊರಗಿನಿಂದ ಬಂದ ಕೆಲಸಗಾರರ ಬಗ್ಗೆ ನಿಮಗೆ ಅಸಮಾಧಾನವಿದೆಯೇ? ಕಲಬುರಗಿಯಲ್ಲಿ ನನ್ನ ಸಂಶೋಧನೆಯ ಕ್ಷೇತ್ರಕಾರ್ಯಕ್ಕೆ ಪ್ರಶ್ನಾವಳಿ ಸಿದ್ಧಪಡಿಸುವಾಗ ನಾನು ಈ ಪ್ರಶ್ನೆಯನ್ನು ಕೈಬಿಟ್ಟು, ಸಿಟ್ಟನ್ನೂ ಅಂಜಿಕೆಯನ್ನೂ ಬೇರೆ ಬೇರೆಯಾಗಿ ಕೇಳಿದೆ. ಆ ಸಿಟ್ಟು ಯಾರ ಮೇಲೆ ಎಂಬುದನ್ನು ಪ್ರತ್ಯೇಕವಾಗಿ ಬರೆದುಕೊಂಡೆ. ಪಾಪ್ಯುಲಿಸ್ಟ್ ರಾಜಕಾರಣವನ್ನು, ಅಂದರೆ ಸಮಾಜವನ್ನು ‘ಜನ’ ಮತ್ತು ಅವರ ಎದುರಾಳಿಗಳು ಎಂದು ಒಡೆದು ತೋರಿಸುವ ರಾಜಕಾರಣವನ್ನು, ಅರಿಯಬೇಕಾದರೆ ಸಿಟ್ಟಿನ ಪ್ರಮಾಣಕ್ಕಿಂತ ಅದರ ದಿಕ್ಕನ್ನು ಮೊದಲು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ನಿಲುವಿಗೆ ಓದಿನ ಆಧಾರವೂ ಇದೆ. ಡಚ್ ರಾಜ್ಯಶಾಸ್ತ್ರಜ್ಞ ಕಾಸ್ ಮುಡ್ಡೆ 2004ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಸಮಾಜವನ್ನು ‘ಶುದ್ಧ ಜನ’ ಮತ್ತು ‘ಭ್ರಷ್ಟ ಮೇಲ್ವರ್ಗ’ ಎಂಬ ಎರಡು ಪಾಳೆಯಗಳಾಗಿ ಕಾಣುವ ವಿಚಾರವೇ ಪಾಪ್ಯುಲಿಸಂ. ಜನರ ಎದುರಾಳಿಯಾಗಿ ಮೇಲೆ ಕುಳಿತವರನ್ನಷ್ಟೇ ಅಲ್ಲದೆ ಪಕ್ಕದಲ್ಲಿರುವ ‘ಹೊರಗಿನವರ’ನ್ನೂ ತೋರಿಸಲಾಗುತ್ತದೆ ಎಂದು ಸಮಾಜಶಾಸ್ತ್ರಜ್ಞ ರೋಜರ್ಸ್ ಬ್ರೂಬೇಕರ್ 2017ರಲ್ಲಿ ವಿವರಿಸಿದರು. ಭಾವನೆಗಳ ವಿಷಯದಲ್ಲಿ ರಾಜ್ಯಶಾಸ್ತ್ರಜ್ಞ ಜಾರ್ಜ್ ಮಾರ್ಕಸ್ ಮತ್ತು ಅವರ ಸಂಗಡಿಗರ ಕೆಲಸ ನನಗೆ ಹೆಚ್ಚು ಉಪಯೋಗಕ್ಕೆ ಬಂತು: ಆತಂಕಗೊಂಡವನು ರೂಢಿಯ ನಂಬಿಕೆಯನ್ನು ತುಸು ಬದಿಗಿಟ್ಟು ಮಾಹಿತಿ ಹುಡುಕುತ್ತಾನೆ, ಸಿಟ್ಟಿಗೆದ್ದವನು ಮೊದಲೇ ನಂಬಿದ್ದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಾನೆ. ಅಮೆರಿಕದಲ್ಲಿ ಟೆಡ್ ಬ್ರೇಡರ್, ನಿಕೊಲಸ್ ವ್ಯಾಲೆಂಟಿನೊ ಮತ್ತು ಎಲಿಜಬೆತ್ ಸುಹೇ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಲಸೆಯಿಂದ ನಷ್ಟವೆಂಬ ಸುದ್ದಿಯೇ ಆದರೂ ಅದರಲ್ಲಿ ಯುರೋಪಿನ ವಲಸಿಗನ ಬದಲು ಲ್ಯಾಟಿನ್ ಅಮೆರಿಕದ ವಲಸಿಗ ಕಾಣಿಸಿಕೊಂಡಾಗ ಓದುಗರ ಆತಂಕವೂ ವಿರೋಧವೂ ಹೆಚ್ಚಾಗಿತ್ತು.

ಈ ಕೊನೆಯ ಪ್ರಯೋಗ ದೇಶದ ಗಡಿ ದಾಟಿ ಬರುವವರ ಕುರಿತದ್ದು. ನಮ್ಮಲ್ಲಿ ಬಿಹಾರದಿಂದಲೋ ಉತ್ತರ ಪ್ರದೇಶದಿಂದಲೋ ಬಂದು ಕಟ್ಟಡದ ಕೆಲಸ ಮಾಡುವವರು ಸಂವಿಧಾನದ 19ನೇ ವಿಧಿಯ ಪ್ರಕಾರ ದೇಶದ ಯಾವ ಭಾಗಕ್ಕಾದರೂ ಹೋಗುವ, ಅಲ್ಲಿ ನೆಲೆಸುವ ಹಕ್ಕುಳ್ಳ ಪ್ರಜೆಗಳು. ಇನ್ನೂ ದೊಡ್ಡ ವ್ಯತ್ಯಾಸವೆಂದರೆ, ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳು ಜನರನ್ನು ಬರಮಾಡಿಕೊಳ್ಳುವುದಕ್ಕಿಂತ ಕಳಿಸುವ ನಾಡುಗಳು. ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋದವರು ನಮ್ಮ ಹಳ್ಳಿ ಹಳ್ಳಿಯಲ್ಲೂ, ಲಂಬಾಣಿ ತಾಂಡಾಗಳಲ್ಲಿ ಇನ್ನೂ ಹೆಚ್ಚಾಗಿ ಇದ್ದಾರೆ. 1966ರಲ್ಲಿ ಹುಟ್ಟಿದ ಶಿವಸೇನೆ ತನ್ನ ಮೊದಲ ವರ್ಷಗಳಲ್ಲಿ ಮುಂಬಯಿಯ ದಕ್ಷಿಣ ಭಾರತೀಯರ ವಿರುದ್ಧ ನಡೆಸಿದ ಚಳವಳಿಯಲ್ಲಿ ‘ಹೊರಗಿನವರು’ ಎನಿಸಿಕೊಂಡವರಲ್ಲಿ ಕನ್ನಡಿಗರೂ ಇದ್ದರು. ಹಾಗಾಗಿ ಗುಳೆಯ ನೆನಪನ್ನು ಬಿಟ್ಟು ಇಲ್ಲಿ ವಲಸೆಯ ಪ್ರಶ್ನೆ ಕೇಳುವುದು ಸರಿಯಲ್ಲವೆಂದು ತೀರ್ಮಾನಿಸಿದೆ.

ಬೆಳಿಗ್ಗೆ ಕೂಲಿಕಾರರು ನಿಲ್ಲುವ ಅಡ್ಡಾಗಳಲ್ಲಿ, ಗಂಜಿನ (ಸಗಟು ಮಾರುಕಟ್ಟೆಯ) ಬೇಳೆ ಮಿಲ್ಲುಗಳ ಸುತ್ತ, ಸೇಡಂ ಮತ್ತು ವಾಡಿಯ ಸಿಮೆಂಟ್ ಕಾರ್ಖಾನೆಗಳ ಹತ್ತಿರದ ಬಡಾವಣೆಗಳಲ್ಲಿ ಮಾತುಕತೆ ನಡೆಸಿದೆ. ‘ಒಂದರಿಂದ ಐದರೊಳಗೆ ಅಂಕ ಕೊಡಿ’ ಎಂದರೆ ಬಹಳ ಜನ ಮುಖ ನೋಡುತ್ತಾರೆ. ಅದಕ್ಕೆ ನಾಲ್ಕು ಸಣ್ಣ ಸ್ಟೀಲ್ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಓದಲು ಬಾರದವರಿಗೂ ತಿಳಿಯುವಂತೆ ಒಂದೊಂದರ ಮುಂದೆ ಒಂದೊಂದು ಚಿತ್ರ ಇಟ್ಟೆ: ಗುತ್ತೇದಾರ, ಸರ್ಕಾರಿ ಕಚೇರಿ, ಭಾಷಣ ಮಾಡುವ ನಾಯಕ, ಗಂಟು ಹೊತ್ತು ರೈಲಿನಿಂದ ಇಳಿಯುವ ಕೂಲಿಕಾರ. ಕೈಗೆ ಹತ್ತು ತೊಗರಿ ಕಾಳು ಕೊಟ್ಟು, ಕೆಲಸ ಸಿಗದ ದಿನ ಯಾರ ಮೇಲೆ ಎಷ್ಟು ಸಿಟ್ಟು ಬರುತ್ತದೋ ಅಷ್ಟು ಕಾಳು ಹಾಕಿ ಎಂದು ಕೇಳುತ್ತಿದ್ದೆ. ಕಾಳು ಉಳಿಸಿಕೊಂಡರೂ ಅಡ್ಡಿಯಿಲ್ಲ ಎಂದು ಮೊದಲೇ ಹೇಳುತ್ತಿದ್ದೆ. ಆಮೇಲೆ ಬಟ್ಟಲು ಖಾಲಿ ಮಾಡಿ, ಅದೇ ಕಾಳಿನಲ್ಲಿ ಅಂಜಿಕೆಯನ್ನು ಕೇಳುತ್ತಿದ್ದೆ. ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಕನ್ನಡ ಬಾರದವರೊಡನೆ ದಖನಿ ಉರ್ದುವಿನಲ್ಲಿ ಮಾತಾಡಿದೆ.

ಗೌಂಡಿಗಳೂ (ಗಾರೆ ಕೆಲಸದವರೂ) ಅವರ ಕೈಕೆಳಗಿನ ಕೂಲಿಕಾರರೂ ಸಿಟ್ಟಿನ ಕಾಳುಗಳನ್ನು ಹೆಚ್ಚಾಗಿ ಹಾಕಿದ್ದು ಗುತ್ತೇದಾರನ ಬಟ್ಟಲಿಗೆ. ಒಬ್ಬ ಹಿರಿಯ ಗೌಂಡಿ ಕಾಳುಗಳನ್ನೆಲ್ಲ ಅದಕ್ಕೇ ಸುರಿದು, “ಅವ್ರೇನ್ ಮಾಡ್ಯಾರ್ರಿ ಸರ್, ಹೊಟ್ಟಿ ಸಲುವಾಗಿ ಬಂದಾರ. ನಮ್ಮ ಪಗಾರ ಕಡಿಮಿ ಮಾಡಿದಾಂವ ಗುತ್ತೇದಾರ” ಎಂದರು. ಮುಡ್ಡೆ ಹೇಳುವ ಜನ ಮತ್ತು ಮೇಲಿನವರ ನಡುವಿನ ಗೆರೆ ಈ ಮಾತಿನಲ್ಲಿ ಸ್ಪಷ್ಟವಾಗಿದೆ, ಆದರೆ ಪಕ್ಕದವನ ಕಡೆಗೆ ಅದು ತಿರುಗಿಲ್ಲ. ಸ್ವಂತ ಮನೆಯುಳ್ಳವರಲ್ಲಿ ಮತ್ತು ಸಣ್ಣ ಅಂಗಡಿಕಾರರಲ್ಲಿ ನೋಟ ಬೇರೆ. ಅವರಿಗೆ ಸಿಟ್ಟು ಕಡಿಮೆ, ಅಂಜಿಕೆ ಹೆಚ್ಚು. ಆ ಅಂಜಿಕೆಯ ಕಾಳು ಬಿದ್ದದ್ದು ರೈಲಿಳಿದವನ ಬಟ್ಟಲಿಗೆ. ಬಂದವರ ದಾಖಲೆ ಯಾರು ನೋಡುತ್ತಾರೆ, ಎಷ್ಟು ದಿನ ಇರುತ್ತಾರೆ ಎಂದು ಅವರೇ ನನ್ನನ್ನು ಪ್ರಶ್ನಿಸುತ್ತಿದ್ದರು. ಆತಂಕ ಮಾಹಿತಿಯನ್ನು ಅರಸುತ್ತದೆ ಎಂಬ ಮಾತು ನನ್ನ ಕಣ್ಣೆದುರೇ ಇತ್ತು. ಅಂಥವರಿಗೆ ಮೊದಲು ತಲುಪುವ ಮಾಹಿತಿ ಮೊಬೈಲಿನಲ್ಲಿ ಬಂದ ವದಂತಿಯಾದರೆ ಏನಾಗುತ್ತದೆ ಎಂಬುದೇ ನನ್ನನ್ನು ಹೆಚ್ಚು ಕಾಡುವ ಪ್ರಶ್ನೆ.

ಪ್ರಶ್ನೆಗಳ ಕ್ರಮವನ್ನೂ ಬದಲಿಸಿ ನೋಡಿದೆ. ಅರ್ಧದಷ್ಟು ಜನರಿಗೆ, ನಿಮ್ಮ ಮನೆಯಿಂದ ಯಾರಾದರೂ ಗುಳೆ ಹೋಗಿದ್ದಾರೆಯೇ, ಅಲ್ಲಿ ಅವರನ್ನು ಹೇಗೆ ನಡೆಸಿಕೊಂಡರು ಎಂದು ಮೊದಲೇ ಕೇಳಿದೆ; ಉಳಿದವರಿಗೆ ಕೊನೆಯಲ್ಲಿ. ಗುಳೆಯ ಮಾತು ಮೊದಲು ಬಂದಲ್ಲಿ ಕೂಲಿಕಾರರು ವಲಸಿಗನ ಬಟ್ಟಲಿಗೆ ಕಾಳು ಹಾಕಲು ಹಿಂಜರಿದರು. ಮನೆ ಮಾಲೀಕರಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಇದರ ಜೊತೆಗೆ ರಾಜಕೀಯ ಭಾಷಣಗಳನ್ನೂ ವಾಕ್ಯ ವಾಕ್ಯವಾಗಿ ಗುರುತು ಹಾಕಿ ಓದಿದೆ: ಇಲ್ಲಿ ‘ನಾವು’ ಯಾರು, ‘ಅವರು’ ಯಾರು, ಬೆರಳು ಮೇಲಕ್ಕೋ ಪಕ್ಕಕ್ಕೋ. ಈ ಓದಿನಲ್ಲಿ ಒಂದು ಎಚ್ಚರ ಅಗತ್ಯ. ಸ್ಥಳೀಯರಿಗೆ ನೌಕರಿ ಎಂಬ ಬೇಡಿಕೆಯೆಲ್ಲ ಪಾಪ್ಯುಲಿಸಂ ಅಲ್ಲ. ಕಲಬುರಗಿಯೂ ಸೇರಿದ್ದ ಹೈದರಾಬಾದ್ ಸಂಸ್ಥಾನದ ಕಾಲದಿಂದಲೇ ಮುಲ್ಕಿ (ಸ್ಥಳೀಯ), ಗೈರ್‌ಮುಲ್ಕಿ (ಹೊರಗಿನವ) ಎಂಬ ವಿಂಗಡಣೆ ಇತ್ತು; 1952ರಲ್ಲಿ ಹೈದರಾಬಾದ್ ರಾಜ್ಯದಲ್ಲಿ ಅದು ದೊಡ್ಡ ಚಳವಳಿಯಾಯಿತು. 2012ರ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಈ ಭಾಗದವರಿಗೆ ಶಿಕ್ಷಣ ಮತ್ತು ಸರ್ಕಾರಿ ಉದ್ಯೋಗದಲ್ಲಿ ಮೀಸಲಾತಿಗೆ ಅವಕಾಶ ಕೊಟ್ಟಿದೆ, ಅದು ಹಿಂದುಳಿದ ಪ್ರದೇಶಕ್ಕೆ ಸಿಕ್ಕ ಸಾಂವಿಧಾನಿಕ ಪರಿಹಾರ. 371(ಜೆ) ಸರಿಯಾಗಿ ಜಾರಿಯಾಗಲಿ ಎಂಬ ವಾಕ್ಯಕ್ಕೆ ನಾನು ಪಾಪ್ಯುಲಿಸಂ ಎಂಬ ಗುರುತು ಹಾಕಲಿಲ್ಲ. ನಮ್ಮ ಅನ್ನವನ್ನು ಅವರು ಕಸಿದರು, ಮೇಲಿನವರು ಅವರಿಗೆ ಬಾಗಿಲು ತೆರೆದರು ಎಂದು ಒಂದೇ ಉಸಿರಿನಲ್ಲಿ ಹೇಳುವ ವಾಕ್ಯಕ್ಕೆ ಹಾಕಿದೆ, ಏಕೆಂದರೆ ಗುತ್ತೇದಾರನ ಮೇಲಿದ್ದ ಸಿಟ್ಟು ರೈಲಿಳಿದವನ ಕಡೆಗೆ ತಿರುಗುವುದು ಇಂಥ ವಾಕ್ಯಗಳಲ್ಲಿಯೇ. ಈಗ ಯಾದಗಿರಿ ಜಿಲ್ಲೆಯಲ್ಲಿ ಗುಳೆಯಿಂದ ಮರಳಿದ ಕುಟುಂಬಗಳ ಮುಂದೆ ಅವೇ ಬಟ್ಟಲುಗಳನ್ನು ಇಡುತ್ತಿದ್ದೇನೆ; ಇಲ್ಲಿ ನಾಲ್ಕನೆಯ ಚಿತ್ರ ತಮ್ಮದೇ ಎಂದು ಗುರುತಿಸಿದವರ ಮಾತನ್ನು ಬೇರೆ ವಹಿಯಲ್ಲಿ ಬರೆದುಕೊಳ್ಳುತ್ತಿದ್ದೇನೆ.