ದೊಡ್ಡ ವಿಡಿಯೊ ಫೈಲು ತಡವರಿಸುತ್ತಿದೆಯೇ? ಎಸ್‌ಎಸ್‌ಡಿ ಕೊಳ್ಳುವ ಮೊದಲು ಇಷ್ಟು ನೋಡಿ

ಮದುವೆಯ ಮೂರು ಕ್ಯಾಮೆರಾಗಳ 4ಕೆ ಫೂಟೇಜನ್ನು ಒಂದೇ ಪೋರ್ಟಬಲ್ ಹಾರ್ಡ್ ಡಿಸ್ಕಿಗೆ ತುಂಬಿ, ಅಲ್ಲಿಂದಲೇ ಎಡಿಟಿಂಗ್ ಮಾಡುವವರು ಬೇಕಾದಷ್ಟು ಜನ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಚಿತ್ರೀಕರಿಸಿದ ಕ್ಲಿಪ್‌ಗೆ ಡಿಸ್ಕಿನಿಂದ ಸೆಕೆಂಡಿಗೆ ಬೇಕಾಗುವುದು 12.5 ಎಂಬಿ (8 ಮೆಗಾಬಿಟ್ ಸೇರಿದರೆ 1 ಮೆಗಾಬೈಟ್, ಅಂದರೆ 1 ಎಂಬಿ), ಮೂರಕ್ಕೆ ಸೇರಿ 37.5 ಎಂಬಿ. ಡಿಸ್ಕು ನೂರು ಎಂಬಿಗಿಂತ ಹೆಚ್ಚು ಕೊಡಬಲ್ಲದು. ಲೆಕ್ಕ ಸರಿಯಿದ್ದರೂ ಟೈಮ್‌ಲೈನ್ ಮುಗ್ಗರಿಸುತ್ತದೆ. ಎಲ್ಲಿ ಸೋರುತ್ತಿದೆ ಎಂದು ಪತ್ತೆ ಮಾಡಿದರೆ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವ ವೇಗದ ಡ್ರೈವ್) ಎಷ್ಟೋ ಸಲ ದುಡ್ಡು ಖರ್ಚಾಗುವುದೇ ಇಲ್ಲ.

ಮೊದಲು ಅಳೆಯಿರಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ವಿಭಾಗದಲ್ಲಿ ಆ ಡಿಸ್ಕನ್ನು ಆರಿಸಿ, ವಿಡಿಯೊ ಓಡುತ್ತಿರುವಾಗ ‘ಆ್ಯಕ್ಟಿವ್ ಟೈಮ್’ (ಡಿಸ್ಕು ಎಷ್ಟು ಹೊತ್ತು ಕೆಲಸದಲ್ಲಿದೆ ಎಂಬ ಶೇಕಡಾವಾರು) ಮತ್ತು ‘ರೀಡ್ ಸ್ಪೀಡ್’ ಎರಡನ್ನೂ ಗಮನಿಸಿ. ಆ್ಯಕ್ಟಿವ್ ಟೈಮ್ ಶೇ 20ರ ಆಸುಪಾಸಿನಲ್ಲೇ ಇದ್ದು ವಿಡಿಯೊ ತಡವರಿಸಿದರೆ ತಪ್ಪು ಡಿಸ್ಕಿನದಲ್ಲ. ಎಚ್.265 ಎಂಬ ವಿಧಾನದಲ್ಲಿ ಕುಗ್ಗಿಸಿದ ವಿಡಿಯೊವನ್ನು ಬಿಡಿಸುವ ಕೆಲಸದಲ್ಲಿ ಪ್ರೊಸೆಸರ್ ಸುಸ್ತಾಗಿರುತ್ತದೆ. ಪ್ರಾಕ್ಸಿ ಫೈಲು (ಎಡಿಟಿಂಗ್‌ಗಷ್ಟೇ ಬಳಸುವ ಹಗುರವಾದ ಪ್ರತಿ) ಮಾಡಿಕೊಳ್ಳುವುದೇ ಅದಕ್ಕೆ ದಾರಿ. ಆ್ಯಕ್ಟಿವ್ ಟೈಮ್ ಶೇ 100 ಮುಟ್ಟಿಯೂ ವೇಗ 5–10 ಎಂಬಿಯಲ್ಲೇ ಇದ್ದರೆ ಡಿಸ್ಕಿನ ಹೆಡ್ಡು (ತಿರುಗುವ ತಟ್ಟೆಯಿಂದ ಡೇಟಾ ಓದುವ ಭಾಗ) ಓದುವುದಕ್ಕಿಂತ ಹೆಚ್ಚಾಗಿ ಓಡಾಡುತ್ತಿದೆ, ಇಲ್ಲವೇ ಡಿಸ್ಕು ಕೆಡುತ್ತಿದೆ.

ಒಂದೇ ಫೈಲನ್ನು ಎರಡು ಸಲ ಓದಿಸಿ ಅಳೆದರೆ ಎರಡನೆಯ ಸಲದ ಅಂಕಿ ನಂಬುವಂತಿಲ್ಲ. ಮೊದಲ ಸಲ ಓದಿದ್ದು ರ‍್ಯಾಮ್‌ನಲ್ಲಿ ಉಳಿದಿರುತ್ತದೆ, ಮತ್ತೆ ಅಲ್ಲಿಂದಲೇ ಬರುತ್ತದೆ. ರ‍್ಯಾಮ್‌ಗಿಂತ ದೊಡ್ಡ ಫೈಲು ಬಳಸಿ, ಅಥವಾ ರೀಸ್ಟಾರ್ಟ್ ಮಾಡಿ ಅಳೆಯಿರಿ.

ಕೇಬಲ್ಲು, ಪೋರ್ಟು

ವೇಗ ಸೆಕೆಂಡಿಗೆ 35–40 ಎಂಬಿಗೆ ಬಂದು ಅಲ್ಲೇ ನಿಂತರೆ ನೀವು ಯುಎಸ್‌ಬಿ 2.0ರಲ್ಲಿದ್ದೀರಿ. ಯುಎಸ್‌ಬಿ 3.0 ಪೋರ್ಟಿನ ಒಳನಾಲಿಗೆ ಸಾಮಾನ್ಯವಾಗಿ ನೀಲಿ. ಪೋರ್ಟಬಲ್ ಡಿಸ್ಕುಗಳ ಅಗಲವಾದ ಮೈಕ್ರೊ-ಬಿ ಸಾಕೆಟ್ಟಿಗೆ ಹಳೇ ಫೋನಿನ ಮೈಕ್ರೊ ಕೇಬಲ್ಲೂ ಕೂರುತ್ತದೆ, ಆದರೆ ವೇಗ 2.0ರದ್ದು. ಟೈಪ್-ಸಿ ಎಂದ ಮಾತ್ರಕ್ಕೆ ವೇಗದ್ದಲ್ಲ. ಫೋನಿನ ಜತೆ ಬರುವ ಎಷ್ಟೋ ಚಾರ್ಜಿಂಗ್ ಕೇಬಲ್ಲುಗಳಲ್ಲಿ ಡೇಟಾ ಹರಿಯುವುದು 2.0 ವೇಗದಲ್ಲೇ.

ಫೈಲು ನೆಟ್‌ವರ್ಕ್ ಸ್ಟೋರೇಜಿನಲ್ಲಿದ್ದರೆ ಗಿಗಾಬಿಟ್ ಲೈನಿನ ಮಿತಿ ಸುಮಾರು 110 ಎಂಬಿ. 11–12 ಎಂಬಿ ಮಾತ್ರ ಬರುತ್ತಿದೆಯೇ? ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿಗಳು ಬೇಕು. ಕ್ರಿಂಪಿಂಗ್ (ಕನೆಕ್ಟರಿನೊಳಗೆ ತಂತಿಗಳನ್ನು ಒತ್ತಿ ಕೂರಿಸಿರುವುದು) ಸಡಿಲವಾಗಿ ಒಂದು ತಂತಿ ಕೈಕೊಟ್ಟರೂ ಲೈನು 100 ಮೆಗಾಬಿಟ್‌ಗೆ ಇಳಿಯುತ್ತದೆ. ಹೊಸ ಕನೆಕ್ಟರ್ ಒತ್ತಿಸಿದರೆ ಸಾಕು.

ಹೆಡ್ಡಿನ ಓಡಾಟ

ಇದೇ ಮುಖ್ಯ ಕಾರಣ. ನಿಮಿಷಕ್ಕೆ 5,400 ಸುತ್ತು ತಿರುಗುವ ಡಿಸ್ಕಿನಲ್ಲಿ ಹೆಡ್ಡು ಒಂದು ಜಾಗ ಬಿಟ್ಟು ಇನ್ನೊಂದನ್ನು ಹುಡುಕಿ ಓದತೊಡಗಲು ಸುಮಾರು 17 ಮಿಲಿಸೆಕೆಂಡ್ ಬೇಕು. ಡಿಸ್ಕಿನ ಓಟ 130 ಎಂಬಿ ಎಂದಿಟ್ಟುಕೊಳ್ಳಿ. ಪ್ರತಿ ನೆಗೆತಕ್ಕೆ 64 ಕೆಬಿ ಮಾತ್ರ ಓದಿದರೆ ಒಟ್ಟು ವೇಗ ಸೆಕೆಂಡಿಗೆ 3.6 ಎಂಬಿ. ನೆಗೆತಕ್ಕೆ 1 ಎಂಬಿ ಓದಿದರೆ 40, 4 ಎಂಬಿ ಓದಿದರೆ 84. ಡಿಸ್ಕು ಅದೇ, ಬದಲಾಗಿದ್ದು ತುತ್ತಿನ ಗಾತ್ರ ಅಷ್ಟೆ. ಮೂರು ಕ್ಯಾಮೆರಾಗಳ ಫೈಲುಗಳನ್ನು ಒಟ್ಟಿಗೆ ಓಡಿಸಿದಾಗ ಆಗುವುದೂ ಇದೇ. ಎರಡು ಕ್ಯಾಮೆರಾದ್ದು ಒಂದು ಡಿಸ್ಕಿನಲ್ಲಿ, ಮೂರನೆಯದು ಇನ್ನೊಂದರಲ್ಲಿ ಇಟ್ಟರೆ ವ್ಯತ್ಯಾಸ ತಕ್ಷಣ ಕಾಣುತ್ತದೆ. ರೆಂಡರ್ ಆಗಿ ಬರುವ ಫೈಲನ್ನಂತೂ ಓದುತ್ತಿರುವ ಡಿಸ್ಕಿಗೇ ಬರೆಸಬೇಡಿ.

ಒಂದೇ ಫೈಲು ಚೂರುಚೂರಾಗಿ ಹರಡಿದ್ದರೂ ಇದೇ ಕಷ್ಟ. ಹೆಚ್ಚುಕಡಿಮೆ ತುಂಬಿದ ಡಿಸ್ಕಿನಲ್ಲಿ ಹಳೆಯದನ್ನು ಅಳಿಸುತ್ತ ಹೊಸದನ್ನು ತುಂಬುತ್ತ ಹೋದರೆ ಚೂರುಗಳು ಹೆಚ್ಚುತ್ತವೆ. ಚೂರುಗಳನ್ನು ಒಟ್ಟುಗೂಡಿಸುವ ವಿಂಡೋಸಿನ ಡಿಫ್ರಾಗ್ಮೆಂಟ್ ಸಾಧನ 64 ಎಂಬಿಗಿಂತ ದೊಡ್ಡ ಚೂರುಗಳನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಅಷ್ಟನ್ನು ಓದಲು ಅರ್ಧ ಸೆಕೆಂಡ್ ಹಿಡಿಯುವಾಗ 17 ಮಿಲಿಸೆಕೆಂಡ್ ಲೆಕ್ಕಕ್ಕಿಲ್ಲ. ಇದಕ್ಕಿಂತ ಸುಲಭದ ದಾರಿಯೂ ಇದೆ: ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ, ಇನ್ನೊಂದು ಪ್ರತಿಯೂ ಇದೆಯೆಂದು ಖಚಿತಪಡಿಸಿಕೊಂಡು, ಫಾರ್ಮ್ಯಾಟ್ ಮಾಡಿ, ಒಂದಾದ ಮೇಲೊಂದರಂತೆ ವಾಪಸ್ ಹಾಕಿ. ನಾಲ್ಕೈದು ಕಾಪಿಗಳನ್ನು ಒಟ್ಟಿಗೆ ಓಡಿಸಿದರೆ ಮತ್ತೆ ಚೂರಾಗುತ್ತವೆ. ಡಿಸ್ಕಿನ ಶೇ 15–20ರಷ್ಟು ಜಾಗ ಸದಾ ಖಾಲಿ ಇರಲಿ. ಡಿಸ್ಕಿನ ಹೊರಸುತ್ತಿಗಿಂತ ಕೊನೆಗೆ ತುಂಬುವ ಒಳಸುತ್ತಿನ ವೇಗ ಹೆಚ್ಚುಕಡಿಮೆ ಅರ್ಧ.

ಫಾರ್ಮ್ಯಾಟ್ ಮಾಡುವಾಗ

ವಿಂಡೋಸ್‌ನಲ್ಲಷ್ಟೇ ಬಳಸುವ ಡಿಸ್ಕಿಗೆ ಎನ್‌ಟಿಎಫ್‌ಎಸ್ ಆರಿಸಿ. ಮ್ಯಾಕ್‌ನಲ್ಲೂ ಬರೆಯಬೇಕಿದ್ದರೆ ಎಕ್ಸ್‌ಫ್ಯಾಟ್. ಫ್ಯಾಟ್32 ಬೇಡವೇ ಬೇಡ, ಅದರಲ್ಲಿ 4 ಜಿಬಿಯ ಫೈಲು ಹಿಡಿಸುವುದಿಲ್ಲ. ಎನ್‌ಟಿಎಫ್‌ಎಸ್‌ನಲ್ಲಿ ‘ಅಲೊಕೇಶನ್ ಯೂನಿಟ್ ಸೈಜ್’ (ಫೈಲಿಗೆ ಜಾಗ ಹಂಚುವ ಅತಿ ಸಣ್ಣ ತುಂಡಿನ ಗಾತ್ರ) 4 ಕೆಬಿ ಇರುವುದನ್ನು 64 ಕೆಬಿ ಮಾಡಿದರೆ ಚೂರಾಗುವುದು ಕಡಿಮೆಯಾಗುತ್ತದೆ. ಲಾಭ ದೊಡ್ಡದೇನಲ್ಲ. ಸಣ್ಣ ಫೈಲುಗಳೇ ತುಂಬಿದ ಡಿಸ್ಕಿಗಂತೂ ಇದು ಜಾಗ ದಂಡ.

ಡಿಸ್ಕಿನ ಆರೋಗ್ಯ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಸಾಲು ನೋಡಿ: 05 (ಕೆಟ್ಟು ಬದಲಿಸಿದ ಸೆಕ್ಟರುಗಳು), ಸಿ5 (ಓದಲಾಗದೆ ಬಾಕಿ ಉಳಿದ ಸೆಕ್ಟರುಗಳು), ಸಿ7 (ಕೇಬಲ್ಲಿನಲ್ಲಿ ಡೇಟಾ ಸಾಗುವಾಗಿನ ತಪ್ಪುಗಳು). 05 ಅಥವಾ ಸಿ5ರಲ್ಲಿ ಸೊನ್ನೆಯಲ್ಲದ ಅಂಕಿ ಇದ್ದು ಅದು ಏರುತ್ತಿದ್ದರೆ, ಓದಲಾಗದ ಸೆಕ್ಟರನ್ನು ಡಿಸ್ಕು ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ. ವೇಗದ ಮಾತು ಬಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ. ಸಿ7 ಏರುತ್ತಿದ್ದರೆ ಡಿಸ್ಕು ಚೆನ್ನಾಗಿಯೇ ಇರಬಹುದು, ಕಂಪ್ಯೂಟರಿನೊಳಗಿನ ಡಿಸ್ಕಾದರೆ ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ. ಸಿ7ರ ಅಂಕಿ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಏರದೆ ನಿಂತರೆ ಸಾಕು.

ಲಿನಕ್ಸ್ ಬಳಸುವವರಿಗೆ

ಇಲ್ಲಿ ಮುಂಗಡ ಓದಿನ (ಮುಂದೆ ಬೇಕಾಗುವುದನ್ನು ಕೇಳುವ ಮೊದಲೇ ಓದಿಡುವುದು) ಮಿತಿ ಸಾಮಾನ್ಯವಾಗಿ 128 ಕೆಬಿ. ಬ್ಲಾಕ್‌ಡೆವ್ ಆಜ್ಞೆಯ ಸೆಟ್‌ಆರ್‌ಎ ಆಯ್ಕೆಗೆ 8192 ಕೊಟ್ಟರೆ ಅದು 4 ಎಂಬಿ ಆಗುತ್ತದೆ, ಏಕೆಂದರೆ ಲೆಕ್ಕ 512 ಬೈಟಿನ ಸೆಕ್ಟರುಗಳಲ್ಲಿ. ಮೇಲೆ ಹೇಳಿದ 84 ಎಂಬಿಯ ಗುಟ್ಟು ಇದೇ. ಡೇಟಾಬೇಸ್ ಇರುವ ಡಿಸ್ಕಿಗೆ ಹೀಗೆ ಮಾಡಬೇಡಿ, ಬೇಡದ್ದನ್ನೆಲ್ಲ ಓದಿ ರ‍್ಯಾಮ್ ತುಂಬಿಸುತ್ತದೆ. ರೀಬೂಟ್ ಆದರೆ ಈ ಬದಲಾವಣೆ ಉಳಿಯುವುದಿಲ್ಲ. ಉಳಿಯಬೇಕಾದರೆ ಯುಡೆವ್ (ಡಿಸ್ಕಿನಂಥ ಸಾಧನಗಳನ್ನು ನೋಡಿಕೊಳ್ಳುವ ಲಿನಕ್ಸ್ ವ್ಯವಸ್ಥೆ) ನಿಯಮ ಬರೆದಿಡಬೇಕು.

ಇಷ್ಟಾದರೂ ಸಾಲದಿದ್ದರೆ ಎಸ್‌ಎಸ್‌ಡಿ ಕೊಳ್ಳಿ. ಹೆಡ್ಡೇ ಇಲ್ಲದ್ದರಿಂದ ಅದಕ್ಕೆ ಡಿಫ್ರಾಗ್ ಬೇಡ. ಸಾಟಾ ಎಸ್‌ಎಸ್‌ಡಿ ಕೊಡುವುದು ಸುಮಾರು 550 ಎಂಬಿ. ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಎಸ್‌ಎಸ್‌ಡಿ ಅದಕ್ಕಿಂತ ಎಷ್ಟೋ ಪಟ್ಟು ವೇಗದ್ದು, ಆದರೆ ನಿಮ್ಮ ಕಂಪ್ಯೂಟರಿನ ಯುಎಸ್‌ಬಿ ಪೋರ್ಟು 5 ಗಿಗಾಬಿಟ್‌ನದಾದರೆ ಎರಡೂ 450 ಎಂಬಿ ದಾಟುವುದಿಲ್ಲ. ಹಾಗಿದ್ದಲ್ಲಿ ಅಗ್ಗದ್ದನ್ನೇ ತನ್ನಿ.